ಕಾಯಕ್ಲೇಶಕ್ಕೆ ಮಿತಿ ಎಲ್ಲಿ?

ದೇಹವನ್ನು ದಣಿಸುವುದರಲ್ಲಿಯೇ ಪುಣ್ಯವಿದೆಯೇ, ಅಥವಾ ಪುಣ್ಯವನ್ನು ಅರಸಿ ಹೊರಟವನ ದೇಹ ದಾರಿಯಲ್ಲಿ ದಣಿಯುತ್ತದೆ ಎಂಬುದಷ್ಟೇ ನಿಜವೇ ಎಂಬ ಪ್ರಶ್ನೆ ಭಾರತೀಯ ಧರ್ಮಚಿಂತನೆಯಲ್ಲಿ ಬಹುಕಾಲದಿಂದ ಇತ್ಯರ್ಥವಾಗದೆ ಉಳಿದಿದೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಅದು ಗ್ರಂಥಗಳೊಳಗಿನ ಚರ್ಚೆ ಮಾತ್ರವಲ್ಲ. ಕರಿಘಟ್ಟದ ಮೆಟ್ಟಿಲುಗಳನ್ನು, ಮೇಲುಕೋಟೆಯ ಯೋಗಾನರಸಿಂಹನ ಬೆಟ್ಟವನ್ನು, ಆದಿಚುಂಚನಗಿರಿಯ ಬಂಡೆಗಳನ್ನು ಹತ್ತುವವರು, ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೋ ಧರ್ಮಸ್ಥಳಕ್ಕೋ ಕಾಲ್ನಡಿಗೆಯಲ್ಲಿ ಹೊರಡುವವರು, ಊರಹಬ್ಬದಲ್ಲಿ ಬಾಯಿಬೀಗ ಚುಚ್ಚಿಸಿಕೊಂಡು ಕೊಂಡ ಹಾಯುವವರು ಅದಕ್ಕೆ ತಮ್ಮ ಮೈಯಿಂದಲೇ ಒಂದೊಂದು ಉತ್ತರವನ್ನು ಕೊಡುತ್ತ ಬಂದಿದ್ದಾರೆ. ಹರಕೆ ಹೊತ್ತ ನಡಿಗೆಯಿಂದ ಹಿಂದಿರುಗಿದವರಲ್ಲಿ ಕೆಲವರು ನೆಗಡಿ, ಕೆಮ್ಮು, ಜ್ವರ ಹಿಡಿದು ಮಲಗುವುದುಂಟು. ಆಗ ಆ ಕಾಯಿಲೆಯನ್ನು ದೇವರ ಪರೀಕ್ಷೆಯೆಂದು ಕೆಲವರೂ, ಮಡಿ ತಪ್ಪಿದ್ದರ ಫಲವೆಂದು ಕೆಲವರೂ, ಮೂಢತನದ ಬೆಲೆಯೆಂದು ಮತ್ತೆ ಕೆಲವರೂ ಓದುತ್ತಾರೆ. ಈ ಮೂರು ಓದುಗಳೂ ನಿಲ್ಲುವಂಥವಲ್ಲ ಎಂಬುದನ್ನು ತೋರಿಸಲು, ದೀರ್ಘ ಶ್ರಮವು ದೇಹದ ರೋಗನಿರೋಧಕ ವ್ಯವಸ್ಥೆಯ ಮೇಲೆ ಬೀರುವ ಪರಿಣಾಮವನ್ನು ಕುರಿತ ವಿಜ್ಞಾನವನ್ನೂ, ಇದೇ ನೆಲದಲ್ಲಿ ಬೇರೂರಿದ ಮೂರು ಧರ್ಮಪರಂಪರೆಗಳ ವಿಚಾರವನ್ನೂ ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ.

ರೋಗನಿರೋಧಕ ವ್ಯವಸ್ಥೆಯೆಂದರೆ ಒಂದೇ ಅಂಗವಲ್ಲ. ರಕ್ತದ ಬಿಳಿ ಕಣಗಳು, ಅವು ಹುಟ್ಟುವ ಮೂಳೆಯ ಮಜ್ಜೆ, ಕುತ್ತಿಗೆ ಕಂಕುಳುಗಳ ದುಗ್ಧಗ್ರಂಥಿಗಳು, ಉಸಿರುನಾಳ ಮತ್ತು ಕರುಳಿನ ಒಳಪೊರೆ, ಒಮ್ಮೆ ಕಂಡ ಸೋಂಕನ್ನು ಗುರುತಿಟ್ಟುಕೊಂಡು ಎದುರಿಸುವ ಪ್ರತಿಕಾಯಗಳೆಂಬ ಪ್ರೋಟೀನುಗಳು ಎಲ್ಲವೂ ಸೇರಿದ ಹರಡಿಕೊಂಡ ಏರ್ಪಾಡು ಅದು. ಶ್ರಮ ಆರಂಭವಾದೊಡನೆ ರಕ್ತದ ಓಟ ಹೆಚ್ಚಿ, ಅಡ್ರಿನಲಿನ್ ಎಂಬ ಹಾರ್ಮೋನು ಏರಿ, ರಕ್ತನಾಳಗಳ ಗೋಡೆಗೆ ಅಂಟಿಕೊಂಡಿದ್ದ ಬಿಳಿ ಕಣಗಳು ಪ್ರವಾಹಕ್ಕೆ ಬರುತ್ತವೆ. ಬಾಸ್ಟನ್ ಮ್ಯಾರಥಾನ್ ಓಡಿದವರ ರಕ್ತದಲ್ಲಿ ಬಿಳಿ ಕಣಗಳ ಸಂಖ್ಯೆ ಬಹಳ ಏರಿರುವುದನ್ನು ಲಾರಾಬಿ ಎಂಬ ವೈದ್ಯ 1902ರಲ್ಲಿಯೇ ವರದಿ ಮಾಡಿದ್ದನು. ಆದರೆ ದೀರ್ಘ ಶ್ರಮ ಮುಗಿದ ಒಂದೆರಡು ಗಂಟೆಗಳಲ್ಲಿ, ಕಾರ್ಟಿಸಾಲ್ ಎಂಬ ಮತ್ತೊಂದು ಹಾರ್ಮೋನು ಏರಿರುವಾಗ, ವೈರಾಣು ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಕಣಗಳೂ ಸೇರಿದಂತೆ ಲಿಂಫೋಸೈಟ್ ಎಂಬ ಬಗೆಯ ಬಿಳಿ ಕಣಗಳ ಸಂಖ್ಯೆ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿದು, ಸಾಮಾನ್ಯವಾಗಿ ಒಂದು ದಿನದೊಳಗೆ ಮತ್ತೆ ಮೊದಲಿನ ಸ್ಥಿತಿಗೆ ಬರುತ್ತದೆ. ಈ ಇಳಿತದ ಅರ್ಥವೇನೆಂಬುದೇ ಮುಂದಿನ ವಾದವಿವಾದಕ್ಕೆಲ್ಲ ಮೂಲ.

ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ 1982ರಲ್ಲಿ ನಡೆದ 56 ಕಿಲೋಮೀಟರ್ ಓಟದ ಅನಂತರದ ಎರಡು ವಾರಗಳಲ್ಲಿ, ಓಡಿದವರ ಪೈಕಿ ಶೇ 33ರಷ್ಟು ಮಂದಿಗೆ ಗಂಟಲು ಮೂಗಿನ ತೊಂದರೆ ಕಾಣಿಸಿಕೊಂಡರೆ, ಅವರೊಂದಿಗೆ ವಾಸಿಸುತ್ತಿದ್ದು ಓಡದವರಲ್ಲಿ ಆ ಪ್ರಮಾಣ ಶೇ 15ರಷ್ಟು ಮಾತ್ರ ಇತ್ತು. 1987ರ ಲಾಸ್ ಏಂಜಲೀಸ್ ಮ್ಯಾರಥಾನಿನ ಓಟಗಾರರನ್ನು ಡೇವಿಡ್ ನೀಮನ್ ಮತ್ತು ಸಂಗಡಿಗರು ವಿಚಾರಿಸಿದಾಗ, ಓಡಿದವರಲ್ಲಿ ಶೇ 12.9ರಷ್ಟು ಮಂದಿ ಮುಂದಿನ ವಾರದಲ್ಲಿ ಸೋಂಕಾಯಿತೆಂದು ಹೇಳಿದರು. ಅಷ್ಟೇ ಅನುಭವವಿದ್ದೂ ಬೇರೆ ಕಾರಣಗಳಿಂದ ಓಡದೆ ಉಳಿದವರಲ್ಲಿ ಹಾಗೆ ಹೇಳಿದವರು ಶೇ 2.2. ಇಂಥ ಫಲಿತಾಂಶಗಳಿಂದ 1994ರ ಹೊತ್ತಿಗೆ ಎರಡು ಕಲ್ಪನೆಗಳು ರೂಪುಗೊಂಡವು: ಏನೂ ಶ್ರಮಿಸದವನಿಗಿಂತ ಮಿತವಾಗಿ ಶ್ರಮಿಸುವವನಿಗೆ ಸೋಂಕಿನ ಅಪಾಯ ಕಡಿಮೆಯೆಂದೂ, ಅತಿಯಾಗಿ ಶ್ರಮಿಸುವವನಿಗೆ ಅದು ಇಬ್ಬರಿಗಿಂತಲೂ ಹೆಚ್ಚೆಂದೂ ಹೇಳುವ, ಇಂಗ್ಲಿಷಿನ ಜೆ ಅಕ್ಷರದಂತೆ ಕೊಂಚ ಇಳಿದು ಮತ್ತೆ ಏರುವ ರೇಖೆ ಒಂದು, ಕಠಿಣ ಶ್ರಮದ ಅನಂತರದ ಕೆಲವು ಗಂಟೆಗಳ ಕಾಲ ರೋಗಾಣುಗಳಿಗೆ ದೇಹದ ಬಾಗಿಲು ತೆರೆದಿರುತ್ತದೆಂಬ, 'ತೆರೆದ ಕಿಟಕಿ' ಎಂದು ಹೆಸರಾದ ಊಹೆ ಮತ್ತೊಂದು.

ಇವು ಬಹುಬೇಗ ಪಠ್ಯಪುಸ್ತಕಗಳನ್ನು ಸೇರಿದವಾದರೂ ತಳಹದಿ ಅಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ. ಲಾಸ್ ಏಂಜಲೀಸಿನ ಲೆಕ್ಕದಲ್ಲಿ ಓಡದೆ ಉಳಿದವರು 134 ಮಂದಿ ಮಾತ್ರ, ಅವರಲ್ಲಿ ಕಾಯಿಲೆಯಾಯಿತೆಂದವರು ಮೂವರು. ಯಾರ ಗಂಟಲನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿರಲಿಲ್ಲ. ಮುಂದೆ ಆಸ್ಟ್ರೇಲಿಯದಲ್ಲಿ ಕ್ರೀಡಾಪಟುಗಳ ಗಂಟಲಿನ ದ್ರವವನ್ನು ನಿಜವಾಗಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಲಕ್ಷಣ ಕಂಡ ಸಂದರ್ಭಗಳ ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಕಡೆ ರೋಗಾಣು ಸಿಕ್ಕಿತು. ಉಳಿದವು ಒಣಗಾಳಿ, ಧೂಳು, ಬಾಯಿಂದ ಉಸಿರೆಳೆಯುವುದು ಮುಂತಾದವುಗಳಿಂದ ಉಸಿರುನಾಳ ಕೆರಳಿ ಆಗಿರಬಹುದಾದ ತೊಂದರೆಗಳು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಪ್‌ಬೆಲ್ ಮತ್ತು ಜೇಮ್ಸ್ ಟರ್ನರ್ 2018ರಲ್ಲಿ ಬರೆದ ವಿಮರ್ಶೆಯಲ್ಲಿ, ರಕ್ತದಲ್ಲಿ ಕಾಣದಾದ ಕಣಗಳು ಸತ್ತುಹೋದವಲ್ಲ, ಅವು ಪುಪ್ಪುಸ, ಕರುಳು, ಮಜ್ಜೆಗಳ ಕಡೆ ಕಾವಲಿಗೆ ಹೋಗಿರುತ್ತವೆ ಎಂದು ವಾದಿಸಿ, ಓಟದ ಅನಂತರದ ಕಾಯಿಲೆಗೆ ಜನಸಂದಣಿ, ಪ್ರಯಾಣ, ನಿದ್ರೆಗೇಡು, ಊಟದ ಕೊರತೆ, ಮಾನಸಿಕ ಒತ್ತಡಗಳನ್ನು ಹೊಣೆ ಮಾಡಿದರು. ಎದುರು ಪಕ್ಷದ ವಿದ್ವಾಂಸರು ಸುಮ್ಮನಾಗಲಿಲ್ಲ. ಅರ್ಧ ಐರನ್‌ಮ್ಯಾನ್ ಎಂಬ, ಈಜು ಸೈಕಲ್ ಓಟಗಳನ್ನು ಬೆಸೆದ ದೀರ್ಘ ಸ್ಪರ್ಧೆಯನ್ನು ಮುಗಿಸಿದವರ ಮೇಲೆ ಡೆನ್ಮಾರ್ಕಿನ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಯೋಗದ ಫಲಿತಾಂಶ ಎರಡೂ ಪಕ್ಷಗಳಿಗೆ ಅರ್ಧರ್ಧ ಒದಗುವಂತಿದೆ: ಲಸಿಕೆಗೆ ಪ್ರತಿಕಾಯಗಳು ಹುಟ್ಟುವುದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ, ಆದರೆ ಚರ್ಮದ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಕಣಗಳ ಪ್ರತಿಕ್ರಿಯೆ ಕುಗ್ಗಿತ್ತು. ಈಗ ಹೇಳಬಹುದಾದದ್ದು ಇಷ್ಟು: ನಿಯಮಿತವಾದ ಮಿತ ಶ್ರಮ ರಕ್ಷಣೆಯನ್ನು ಬಲಪಡಿಸುತ್ತದೆಂಬುದಕ್ಕೆ ಆಧಾರ ಗಟ್ಟಿಯಾಗಿದೆ, ಅತಿ ಶ್ರಮ ಒಂದೇ ಅದನ್ನು ಮುರಿಯುತ್ತದೆಂಬುದಕ್ಕೆ ಆಧಾರ ಸಡಿಲವಾಗಿದೆ, ಅತಿ ಶ್ರಮಕ್ಕೆ ಉಪವಾಸ, ಜಾಗರಣೆ, ಬಿಸಿಲು, ಗುಂಪು ಕೂಡಿಕೊಂಡಾಗ ದೇಹ ಸೋಲುವುದು ಆಶ್ಚರ್ಯವಲ್ಲ.

ಕೊನೆಯ ಮಾತು ಹರಕೆಯ ನಡಿಗೆಗೆ ಮ್ಯಾರಥಾನಿಗಿಂತಲೂ ಹೆಚ್ಚು ಒಪ್ಪುತ್ತದೆ. ಕಾಲ್ನಡಿಗೆಯ ಯಾತ್ರೆ ವೇಗದಲ್ಲಿ ಓಟಕ್ಕೆ ಸಮನಲ್ಲ. ಆದರೆ ಅದು ಕೆಲವು ಗಂಟೆಗಳಲ್ಲಿ ಮುಗಿಯದೆ ದಿನಗಟ್ಟಲೆ ಮುಂದುವರಿಯುತ್ತದೆ, ಶಿವರಾತ್ರಿಯ ಹೊತ್ತಿಗೆ ಬಯಲುಸೀಮೆಯ ಬಿಸಿಲು ಏರತೊಡಗಿರುತ್ತದೆ, ಬಿಸಿಲನ್ನು ತಪ್ಪಿಸಲು ರಾತ್ರಿ ನಡೆದರೆ ನಿದ್ರೆ ಹೋಗುತ್ತದೆ, ಒಪ್ಪೊತ್ತಿನ ವ್ರತ ಹಿಡಿದವರಿಗೆ ಊಟವೂ ಸಾಲದು. ಮೇಲುಕೋಟೆಯ ವೈರಮುಡಿ ಉತ್ಸವವಂತೂ ರಾತ್ರಿಯೇ ನಡೆಯತಕ್ಕದ್ದು. ಮಂಡ್ಯದ ಖಜಾನೆಯಿಂದ ಹೊರಟ ಕಿರೀಟವನ್ನು ದಾರಿಯ ಊರುಗಳಲ್ಲಿ ಪೂಜಿಸಿ ಬೆಟ್ಟಕ್ಕೆ ತಲಪಿಸಿದ ಮೇಲೆ ಸಾವಿರಾರು ಮಂದಿ ಅಲ್ಲಿ ಇರುಳಿಡೀ ಎಚ್ಚರವಿರುತ್ತಾರೆ. ಅಮೆರಿಕದಲ್ಲಿ 164 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಾಣುವನ್ನು ಹನಿಸಿ ನೋಡಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರು ಗಂಟೆಗೂ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿಯಾಗುವ ಸಂಭವ ಏಳು ಗಂಟೆಗೂ ಹೆಚ್ಚು ಮಲಗುತ್ತಿದ್ದವರಿಗಿಂತ ನಾಲ್ಕು ಪಟ್ಟು ಮೀರಿತ್ತು. ಬಿಸಿಲಿನ ದೀರ್ಘ ಶ್ರಮದಲ್ಲಿ ರಕ್ತ ಚರ್ಮ ಮತ್ತು ಸ್ನಾಯುಗಳತ್ತ ಹರಿದು ಕರುಳಿಗೆ ಕಡಿಮೆಯಾದಾಗ ಕರುಳಿನ ಒಳಪೊರೆ ಸಡಿಲಗೊಂಡು, ಅಲ್ಲಿನ ಬ್ಯಾಕ್ಟೀರಿಯಗಳ ವಿಷಾಂಶ ರಕ್ತಕ್ಕೆ ಸೋರುವುದೂ ತಿಳಿದ ಸಂಗತಿ. ಓಟದ ನಡುವೆ ಸಕ್ಕರೆ ಬೆರೆತ ಪಾನೀಯ ಕುಡಿದವರಲ್ಲಿ ಕಾರ್ಟಿಸಾಲಿನ ಏರಿಕೆ ಕಡಿಮೆಯೆಂದು ನೀಮನ್ ಮೊದಲಾದವರು ತೋರಿಸಿದ್ದಾರೆ. ದಾರಿಬದಿಯ ಅರವಟ್ಟಿಗೆಯಲ್ಲಿ ಪಾನಕ ಮಜ್ಜಿಗೆ ಹಂಚುವ ಹಳ್ಳಿಗರು ಅದನ್ನು ಓದಿ ಹಂಚುವವರಲ್ಲ, ಆದರೆ ಇಡೀ ಯಾತ್ರೆಯಲ್ಲಿ ಶರೀರಶಾಸ್ತ್ರಕ್ಕೆ ಅತ್ಯಂತ ಹತ್ತಿರವಾದ ಸೇವೆ ಅವರದೇ.

ಪ್ರಾಚೀನ ವೈದ್ಯವೂ ಈ ಕೂಡುವಿಕೆಯನ್ನು ಕಂಡಿತ್ತು. ಚರಕಸಂಹಿತೆ ಅತಿ ವ್ಯಾಯಾಮದಿಂದ ಬರುವ ತೊಂದರೆಗಳಲ್ಲಿ ಬಳಲಿಕೆ, ಬಾಯಾರಿಕೆ, ವಾಂತಿಗಳ ಜೊತೆಗೆ ಕೆಮ್ಮನ್ನೂ ಜ್ವರವನ್ನೂ ಎಣಿಸುತ್ತದೆ. ದೇಹ ಕ್ಷೀಣಿಸುವ ಕಾರಣಗಳನ್ನು ಹೇಳುವಾಗ ವ್ಯಾಯಾಮದ ಪಕ್ಕದಲ್ಲಿಯೇ ಉಪವಾಸ, ಚಿಂತೆ, ಒಣ ಆಹಾರ, ಗಾಳಿ ಬಿಸಿಲು, ಭಯ, ಶೋಕ, ನಿದ್ರೆಗೇಡುಗಳನ್ನು ಇಡುತ್ತದೆ. ವಾಗ್ಭಟನು ಬಲಶಾಲಿಯೂ ಸ್ನಿಗ್ಧ ಆಹಾರ ಉಣ್ಣುವವನೂ ಆದವನಿಗೆ ಸಹ, ಅದೂ ಚಳಿಗಾಲ ಮತ್ತು ವಸಂತದಲ್ಲಿ, ಅರ್ಧ ಶಕ್ತಿಯಷ್ಟು ಮಾತ್ರ ವ್ಯಾಯಾಮ ಸಾಕೆಂದನು. ಆ ಅರ್ಧದ ಗುರುತು ಉಸಿರು ಬಾಯಿಂದ ಹೊರಡತೊಡಗುವುದು ಎಂದು ಸುಶ್ರುತಸಂಹಿತೆ ಹೇಳುತ್ತದೆ. ಇದನ್ನು ಕಂಡು ಆಧುನಿಕ ರೋಗನಿರೋಧಶಾಸ್ತ್ರವೆಲ್ಲ ಇಲ್ಲಿಯೇ ಇತ್ತೆಂದು ಸಾರುವವರು ಚರಕನಿಗೂ ನ್ಯಾಯ ಮಾಡುವುದಿಲ್ಲ, ವಿಜ್ಞಾನಕ್ಕೂ ನ್ಯಾಯ ಮಾಡುವುದಿಲ್ಲ; ಅಲ್ಲಿರುವುದು ಕಣಗಳ ಜ್ಞಾನವಲ್ಲ, ರೋಗಿಗಳನ್ನು ಎಚ್ಚರದಿಂದ ನೋಡಿದ ಕಣ್ಣುಗಳ ಅನುಭವ.

ವೈದ್ಯಶಾಸ್ತ್ರ ಮಿತಿಯನ್ನು ಹೇಳಿದರೆ ಅಚ್ಚರಿಯಿಲ್ಲ, ಆರೋಗ್ಯವೇ ಅದರ ಗುರಿ. ಆರೋಗ್ಯಕ್ಕಿಂತ ದೊಡ್ಡದೊಂದನ್ನು ಗುರಿಯಾಗಿಟ್ಟುಕೊಂಡ ಪರಂಪರೆ ಆ ಮಿತಿಯನ್ನು ಏಕೆ ಒಪ್ಪಬೇಕು ಎಂಬುದೇ ಕಷ್ಟದ ಪ್ರಶ್ನೆ, ಮತ್ತು ಅದನ್ನು ತಪ್ಪಿಸಿಕೊಳ್ಳದೆ ಎದುರಿಸಿದವರು ಜೈನರು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಶ್ರವಣಬೆಳಗೊಳ ಅಲ್ಲಿಗೆ ದೂರವಿಲ್ಲ. ಆ ನೆಲದ ಮುನಿಗಳಿಗೆ ಆಧಾರವಾದ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಆರು ಬಾಹ್ಯ ತಪಸ್ಸುಗಳನ್ನು ಹೇಳುತ್ತದೆ: ಉಪವಾಸ, ಹೊಟ್ಟೆ ತುಂಬ ಉಣ್ಣದಿರುವುದು, ಭಿಕ್ಷೆಗೆ ಕಟ್ಟುಪಾಡು, ರುಚಿಯ ಪದಾರ್ಥಗಳ ತ್ಯಾಗ, ಏಕಾಂತದ ವಾಸ, ಮತ್ತು ಕೊನೆಯದಾಗಿ ಕಾಯಕ್ಲೇಶ, ಅಂದರೆ ಬಿಸಿಲು ಚಳಿಗಳಲ್ಲಿ ಕಠಿಣ ಭಂಗಿಗಳಲ್ಲಿ ನಿಂತು ದೇಹಕ್ಕೆ ತಾನಾಗಿ ಕಷ್ಟ ಕೊಡುವುದು. ಇದೇ ಗ್ರಂಥ ಬೇರೊಂದೆಡೆ, ತನಗಾಗಲಿ ಪರರಿಗಾಗಲಿ ದುಃಖವನ್ನು ಉಂಟುಮಾಡುವುದು ಮುಂದೆ ದುಃಖವನ್ನೇ ತರುವ ಕರ್ಮವನ್ನು ಕಟ್ಟುತ್ತದೆಂದೂ ಹೇಳುತ್ತದೆ. ಹಾಗಾದರೆ ಕೂದಲು ಕಿತ್ತುಕೊಳ್ಳುವ, ಉಪವಾಸ ಕೂರುವ ಮುನಿ ಪಾಪವನ್ನು ಕಟ್ಟಿಕೊಳ್ಳುತ್ತಿಲ್ಲವೇ?

ಕನ್ನಡನಾಡಿನ ಆಚಾರ್ಯ ಪೂಜ್ಯಪಾದನು ತನ್ನ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಈ ಆಕ್ಷೇಪವನ್ನು ತಾನೇ ಎತ್ತಿ, ಕುರುವನ್ನು ಕೊಯ್ಯುವ ಕರುಣಾಳು ವೈದ್ಯನ ದೃಷ್ಟಾಂತದಿಂದ ಪರಿಹರಿಸುತ್ತಾನೆ: ಕೊಯ್ದಾಗ ನೋವಾಗುತ್ತದೆ, ಆದರೆ ನೋವು ವೈದ್ಯನ ಉದ್ದೇಶವಲ್ಲವಾದ್ದರಿಂದ ಅವನಿಗೆ ಪಾಪವಿಲ್ಲ, ಸಂಸಾರದುಃಖದಿಂದ ಪಾರಾಗಲು ಶಾಸ್ತ್ರವಿಹಿತ ಕ್ರಮದಲ್ಲಿ, ಕ್ರೋಧಾದಿಗಳಿಲ್ಲದೆ ತಪಸ್ಸು ಮಾಡುವವನಿಗೂ ಹಾಗೆಯೇ. ಈ ದೃಷ್ಟಾಂತವನ್ನು ಸಾಮಾನ್ಯವಾಗಿ ತಪಸ್ಸಿನ ಸಮರ್ಥನೆಯೆಂದು ಓದಲಾಗುತ್ತದೆ. ಆದರೆ ಅದರೊಳಗೆ ಮಿತಿಯೂ ಅಡಗಿದೆ. ಎಷ್ಟು ಕೊಯ್ಯಬೇಕೆಂಬುದನ್ನು ಕುರುವಿನ ಅಳತೆ ನಿರ್ಧರಿಸುತ್ತದೆಯೇ ಹೊರತು ವೈದ್ಯನ ಉತ್ಸಾಹವಲ್ಲ, ಕೀವು ಹೊರಬಂದ ಮೇಲೂ ಕೊಯ್ಯುತ್ತ ಹೋದವನನ್ನು ಕರುಣಾಳುವೆಂದು ಯಾರೂ ಕರೆಯಲಾರರು. ತತ್ತ್ವಾರ್ಥಸೂತ್ರವೇ ತ್ಯಾಗ ಮತ್ತು ತಪಸ್ಸುಗಳು ಅವರವರ ಶಕ್ತಿಗೆ ತಕ್ಕಂತೆ ಇರಬೇಕೆಂದು ವಿಧಿಸುತ್ತದೆ. ಶಕ್ತಿಯಿದ್ದೂ ಬಚ್ಚಿಡಬಾರದು, ಇಲ್ಲದ ಶಕ್ತಿಯನ್ನು ನಟಿಸಬಾರದು. ದೇಹಪೀಡೆ ಮನಸ್ಸಿನಲ್ಲಿ ಆರ್ತಧ್ಯಾನವನ್ನು, ಅಂದರೆ ನೋವನ್ನೇ ನೆನೆದು ಕೊರಗುವ ಸ್ಥಿತಿಯನ್ನು ಹುಟ್ಟಿಸಿದರೆ ತಪಸ್ಸಿನ ಫಲವೇ ತಿರುಗುಮುರುಗಾಗುತ್ತದೆ. ಹೀಗೆ ದೇಹದಂಡನೆಯನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡ ಪರಂಪರೆಯೂ ನೋವನ್ನು ನಾಣ್ಯದಂತೆ ಎಣಿಸಲಿಲ್ಲ.

ಪೂಜ್ಯಪಾದನು ಮಾಡುವ ಇನ್ನೊಂದು ವಿಂಗಡಣೆ ಈ ಪ್ರಶ್ನೆಗೆ ಇನ್ನೂ ಹತ್ತಿರದ್ದು: ತಾನಾಗಿ ಕೈಗೊಂಡ ಕಷ್ಟ ಕಾಯಕ್ಲೇಶ, ತಾನಾಗಿ ಬಂದೆರಗಿದ್ದು ಪರೀಷಹ. ಹಸಿವು, ಬಾಯಾರಿಕೆ, ಚಳಿ, ಸೆಕೆ, ನಡಿಗೆಯ ದಣಿವು ಮೊದಲಾದ 22 ಪರೀಷಹಗಳಲ್ಲಿ ರೋಗವೂ ಒಂದು. ಕಾಯಿಲೆ ಬಿದ್ದ ಮುನಿ ತಪಸ್ಸಿನಲ್ಲಿ ಸೋತವನೆಂದು ಅಲ್ಲಿ ಹೇಳುವುದಿಲ್ಲ. ಸಮಚಿತ್ತದಿಂದ ಎದುರಿಸಬೇಕಾದ ಸಂಗತಿಗಳ ಪಟ್ಟಿಯಲ್ಲಿ ರೋಗವನ್ನು ಸೇರಿಸಲಾಗಿದೆ. ರೋಗ ಪೂರ್ವಕರ್ಮದ ಫಲವೆಂದು ಜೈನಸಿದ್ಧಾಂತ ನಂಬುವುದು ನಿಜವೇ; ಆದರೆ ಅದು ನಿನ್ನೆಯ ನಡಿಗೆಯಲ್ಲಿ ಯಾರೋ ಮುಟ್ಟಿದ್ದರ, ಯಾವುದೋ ಮಡಿ ತಪ್ಪಿದ್ದರ ಫಲವೆಂಬ ನಂಬಿಕೆಗಿಂತ ಬೇರೆಯದು.

ನಾಗಮಂಗಲ ತಾಲ್ಲೂಕಿನದೇ ಆದ ಆದಿಚುಂಚನಗಿರಿ ನಾಥಪಂಥದ ಪೀಠ. ಗುಹೆ, ಬಂಡೆ, ಕಾಲಭೈರವನ ಉಪಾಸನೆಗಳ ಕಾರಣದಿಂದ ನಾಥಸಿದ್ಧರೆಂದರೆ ದೇಹವನ್ನು ಹಿಂಡುವವರೆಂಬ ಕಲ್ಪನೆ ಜನರಲ್ಲಿದೆ. ಆದರೆ ನಾಥಸಂಪ್ರದಾಯದಲ್ಲಿ ದೇಹವೇ ಸಿದ್ಧಿಯ ಸಾಧನ. ಅದು ಕೆಟ್ಟರೆ ಯೋಗವೂ ಕೆಟ್ಟಂತೆ. 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆ ಯೋಗವನ್ನು ಹಾಳುಮಾಡುವ ಆರು ಸಂಗತಿಗಳಲ್ಲಿ ಅತಿಯಾದ ಊಟದ ಜೊತೆಗೆ ಅತಿಯಾದ ಪ್ರಯಾಸವನ್ನೂ, ನಿಯಮಗಳಿಗೆ ಜೋತುಬೀಳುವುದನ್ನೂ, ಜನರ ಗುಂಪನ್ನೂ ಎಣಿಸುತ್ತದೆ. ಮುಂದೆ ಗೋರಕ್ಷನ ಮಾತೆಂದು ಹೇಳಿ, ಸಾಧಕನು ಬಿಡಬೇಕಾದವುಗಳ ನಡುವೆ ದಾರಿ ನಡೆಯುವುದು, ಮುಂಜಾವಿನ ಸ್ನಾನ, ಉಪವಾಸ, ಕಾಯಕ್ಲೇಶಗಳನ್ನು ಸೇರಿಸುತ್ತದೆ. ಹರಕೆಯ ನಡಿಗೆಯ ಮುಖ್ಯ ಅಂಶಗಳೆಲ್ಲ ಆ ನಿಷೇಧದೊಳಗೆ ಬಂದುಬಿಡುತ್ತವೆ ಎಂಬುದು ಗಮನಿಸತಕ್ಕದ್ದು. ಅದು ಯೋಗಾಭ್ಯಾಸದಲ್ಲಿ ತೊಡಗಿದವನಿಗೆ ಹೇಳಿದ ಮಾತೇ ಹೊರತು ಗೃಹಸ್ಥ ಭಕ್ತನಿಗಲ್ಲವೆಂಬುದನ್ನು ಒಪ್ಪಿದರೂ, ಹಠಯೋಗದ ಮೂಲಪುರುಷನೇ ದೇಹಪೀಡೆಯನ್ನು ಸಾಧನೆಯ ಶತ್ರುವೆಂದು ಎಣಿಸಿದ್ದಾನೆಂಬುದು ಉಳಿಯುತ್ತದೆ. ಬಾಲಗಂಗಾಧರನಾಥ ಸ್ವಾಮೀಜಿಯವರ ಕಾಲದಲ್ಲಿ, 1980ರ ದಶಕದಲ್ಲಿ, ಈ ಮಠ ಬೆಳ್ಳೂರಿನ ಬಳಿ ವೈದ್ಯಕೀಯ ಕಾಲೇಜನ್ನೂ ಆಸ್ಪತ್ರೆಯನ್ನೂ ಕಟ್ಟಿದ್ದು ಈ ದೃಷ್ಟಿಗೆ ಒಪ್ಪುವ ನಡೆಯೇ ಆಗಿದೆ.

ಮೇಲುಕೋಟೆಯಲ್ಲಿ ಪ್ರಶ್ನೆಯ ಮುಖವೇ ಬದಲಾಗುತ್ತದೆ. ರಾಮಾನುಜರ ಪರಂಪರೆ ಬೆಳೆಸಿದ ಶರಣಾಗತಿಯ ತತ್ತ್ವದಲ್ಲಿ ಮೋಕ್ಷಕ್ಕೆ ಉಪಾಯ ಭಗವಂತನೇ; ಜೀವಾತ್ಮನ ಶ್ರಮ ಆ ಉಪಾಯದ ಸ್ಥಾನವನ್ನು ಪಡೆಯಲಾರದು, ಅದು ಕೈಂಕರ್ಯ ಮಾತ್ರ, ಅಂದರೆ ಪ್ರತಿಫಲದ ಎಣಿಕೆಯಿಲ್ಲದ ಸೇವೆ. ಜೀವಾತ್ಮನ ಕಡೆಯಿಂದ ಕಿಂಚಿತ್ತಾದರೂ ಯತ್ನ ಬೇಕೇ ಬೇಡವೇ ಎಂಬುದರಲ್ಲಿ ವಡಗಲೈ ತೆಂಗಲೈ ಶಾಖೆಗಳು ಬೇರೆಯಾದುದುಂಟು, ಆದರೆ ಬೆವರಿನ ಅಳತೆಗೆ ತಕ್ಕಂತೆ ಕೃಪೆಯೆಂಬ ಲೆಕ್ಕವನ್ನು ಎರಡೂ ಒಪ್ಪುವುದಿಲ್ಲ. ತಿರುಕ್ಕೋಷ್ಟಿಯೂರಿನ ಗುರುವಿನಿಂದ ಮಂತ್ರಾರ್ಥವನ್ನು ಪಡೆಯಲು ರಾಮಾನುಜರು ಶ್ರೀರಂಗದಿಂದ 18 ಸಲ ಹೋಗಬೇಕಾಯಿತೆಂದೂ, ಕೊನೆಗೆ ಪಡೆದುದನ್ನು ಎತ್ತರದಲ್ಲಿ ನಿಂತು ಎಲ್ಲರಿಗೂ ಸಾರಿದರೆಂದೂ ಗುರುಪರಂಪರೆಯ ಕಥನಗಳು ಹೇಳುತ್ತವೆ. ಪ್ರವಚನಕಾರರು ಹದಿನೆಂಟು ಸಲದ ನಡಿಗೆಯನ್ನು ಹೊಗಳುವುದೇ ಹೆಚ್ಚು. ಆದರೆ ಅಂದು ಕೇಳಿಸಿಕೊಂಡವರಲ್ಲಿ ಯಾರೂ ಅದಕ್ಕಾಗಿ ಒಮ್ಮೆಯೂ ನಡೆದಿರಲಿಲ್ಲ, ನಡೆದು ಬನ್ನಿರೆಂದು ರಾಮಾನುಜರು ಕೇಳಲೂ ಇಲ್ಲ. ಭಗವದ್ಗೀತೆಯೂ ಹಠದಿಂದ ತನ್ನನ್ನು ಪೀಡಿಸಿಕೊಂಡು ಮಾಡುವ ತಪಸ್ಸನ್ನು ತಾಮಸವೆಂದು ಕೆಳಗಿನ ಮೆಟ್ಟಿಲಲ್ಲಿಯೇ ಇಟ್ಟಿದೆ.

ಇಷ್ಟಾದರೂ ಹರಕೆಯ ನಡಿಗೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ದುಡುಕು. ಮಾನಸಿಕ ಒತ್ತಡ ಹೆಚ್ಚಿದಷ್ಟೂ ನೆಗಡಿಯ ಸೋಂಕು ತಗಲುವ ಸಂಭವ ಹೆಚ್ಚೆಂದು ಷೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1991ರಲ್ಲಿಯೇ ತೋರಿಸಿದ್ದರು. ಮನೆಮಂದಿಯ ಕಾಯಿಲೆಗೋ ಸಾಲಕ್ಕೋ ನೊಂದು ಹರಕೆ ಹೊತ್ತವನಿಗೆ ಜೊತೆಯವರೊಂದಿಗೆ ನಡೆಯುವುದು ಮನಸ್ಸಿನ ಭಾರವನ್ನು ಇಳಿಸುವುದಾದರೆ, ಅದು ದೇಹಕ್ಕೂ ಒದಗಬಹುದು. ಆದರೆ ಯಾರ ದೇಹ ಎಂಬುದನ್ನೂ ಕೇಳಬೇಕು. ಕಬ್ಬು ಕಡಿದು, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ವರ್ಷವಿಡೀ ದಣಿಯುವ ಮೈಗೆ ಬೇರೆ ಕಾಯಕ್ಲೇಶ ಬೇಕಿಲ್ಲ. ಅದರ ಪಾಲಿನ ಪರೀಷಹ ಆಗಲೇ ಸಂದಿರುತ್ತದೆ. ಕುರ್ಚಿಯಲ್ಲಿ ಕೂತು ವರ್ಷ ಕಳೆದವನು ಯಾವ ಅಭ್ಯಾಸವೂ ಇಲ್ಲದೆ ಒಮ್ಮೆಗೆ ದಿನಕ್ಕೆ 30 ಕಿಲೋಮೀಟರ್ ನಡೆಯಹೊರಟರೆ ಅವನ ಅಪಾಯ ಬೇರೆ ಬಗೆಯದು. ಇಬ್ಬರಿಗೂ ಒಂದೇ ವ್ರತನಿಯಮವನ್ನು ಹೇಳುವವರು ಶಕ್ತಿಗೆ ತಕ್ಕ ತಪಸ್ಸು ಎಂಬ ಮಾತನ್ನು ಮರೆತಿರುತ್ತಾರೆ, ಮತ್ತು ಹಾಗೆ ಹೇಳುವವರು ಹೆಚ್ಚಾಗಿ ತಾವು ನಡೆಯುವವರಲ್ಲ.

ಕಾಯಿಲೆಯ ವಿಷಯದಲ್ಲಿ ಇನ್ನೊಂದು ನೈತಿಕ ಮುಖವೂ ಇದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೂಡುವಲ್ಲಿ 2022ರ ಅಕ್ಟೋಬರ್‌ನಲ್ಲಿ ನಡೆದ ಮಹದೇಶ್ವರ ಕುಂಭಮೇಳದಂಥ ಕೂಟಗಳಲ್ಲಿ ಒಬ್ಬನ ಸೋಂಕು ಒಬ್ಬನಲ್ಲೇ ನಿಲ್ಲುವುದಿಲ್ಲ. ತನ್ನ ನೋವನ್ನು ತಾನು ಸಹಿಸುತ್ತೇನೆಂಬ ವಾದ ತನ್ನ ದೇಹದ ಮಟ್ಟಿಗೆ ನಿಂತರೂ, ಪಕ್ಕದಲ್ಲಿ ಮಲಗಿದ ಮುದುಕಿಯ ಎದೆಗೆ ಇಳಿಯುವ ಕಫದ ಮಟ್ಟಿಗೆ ನಿಲ್ಲುವುದಿಲ್ಲ. ಅಲ್ಲಿ ಕಾಯಕ್ಲೇಶ ಹಿಂಸೆಯಾಗುತ್ತದೆ.

ಆದ್ದರಿಂದ ನಡೆದು ಬಂದವನಿಗೆ ಜ್ವರ ಬಂದರೆ ಅದನ್ನು ದೇವರ ಪರೀಕ್ಷೆಯೆಂದಾಗಲಿ ಮಡಿಗೆ ಬಂದ ಭಂಗವೆಂದಾಗಲಿ ಮೌಢ್ಯದ ಬೆಲೆಯೆಂದಾಗಲಿ ಓದುವುದು ತಪ್ಪು. ಶಾಸ್ತ್ರ ಮೊದಲ ಎರಡನ್ನು ಹೇಳುವುದಿಲ್ಲ, ವಿಜ್ಞಾನ ಮೂರನೆಯದನ್ನು ಸಾಧಿಸಿಲ್ಲ. ಹೊರಡುವ ಮುನ್ನವೇ ಜ್ವರವೋ ಎದೆಯ ಭಾರವೋ ಇದ್ದವನು ಹೊರಡಬಾರದು, ದಾರಿಯಲ್ಲಿ ಬಂದರೆ ನಿಂತು ಬಸ್ಸು ಹತ್ತಬೇಕು. ಅದರಿಂದ ಹರಕೆ ಮುರಿಯುವುದಿಲ್ಲ. ಹೋಗಲಾಗದ ವರ್ಷ ನಾಣ್ಯವನ್ನು ಬಟ್ಟೆಯಲ್ಲಿ ಕಟ್ಟಿ ದೇವರ ಮುಂದೆ ಮುಡಿಪಿಡುವ, ತಡವಾದುದಕ್ಕೆ ತಪ್ಪುಕಾಣಿಕೆ ಸಲ್ಲಿಸುವ ಪದ್ಧತಿಗಳು ಈ ಸೀಮೆಯ ಮನೆಗಳಲ್ಲಿ ಇದಕ್ಕೆಂದೇ ಇವೆ, ಮತ್ತು ಅವುಗಳಿಗೆ ಯಾವ ದೇವಸ್ಥಾನವೂ ಗಡುವು ಹಾಕಿಲ್ಲ.